ಐದೂವರೆಯ ಟೀ

ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಮೂರು ತಿಂಗಳಾಗಿತ್ತು. ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ, ‘ಶುಕ್ರವಾರ ಐದೂವರೆಗೆ ಟೀಗೆ ಬನ್ನಿ’ ಎಂದರು. ಟೀ ತಾನೇ, ಅದರಿಂದ ಹೊಟ್ಟೆ ತುಂಬುತ್ತದೆಯೇ? ನಾಲ್ಕು ಗಂಟೆಗೇ ನಾನೂ ನನ್ನ ಹೆಂಡತಿಯೂ ಎರಡೆರಡು ರೊಟ್ಟಿ, ಎಣ್ಣೆಗಾಯಿ ಹೊಡೆದು, ಒಂದು ಬಿಸ್ಕಿಟ್ ಪುಡಿಕೆ ಹಿಡಿದು ಹೊರಟೆವು.

ಹೋಗಿ ನೋಡಿದರೆ ಮೇಜಿನ ಮೇಲೆ ತಟ್ಟೆ, ಚಾಕು, ಫೋರ್ಕ್. ಚೀಸ್ ಮತ್ತು ಉಳ್ಳಾಗಡ್ಡಿಯ ಪೈ, ಬೇಯಿಸಿದ ಆಲೂಗಡ್ಡೆ, ಬಟಾಣಿ. ನಾವು ಮಾಂಸ ತಿನ್ನುವುದಿಲ್ಲ ಎಂದು ನೆನಪಿಟ್ಟು ಮಾಡಿದ್ದರು. ಟೀ ಮಾತ್ರ ಎಲ್ಲೂ ಕಾಣಲಿಲ್ಲ! ಉತ್ತರ ಇಂಗ್ಲೆಂಡಿನ ಎಷ್ಟೋ ಮನೆಗಳಲ್ಲಿ ಟೀ ಎಂದರೆ ಸಂಜೆಯ ಊಟ. ಮಧ್ಯಾಹ್ನದ ಊಟಕ್ಕೆ ಡಿನ್ನರ್. ಶಾಲೆಯಲ್ಲಿ ಮಧ್ಯಾಹ್ನ ಮಕ್ಕಳಿಗೆ ಬಡಿಸುವವರು ‘ಡಿನ್ನರ್ ಲೇಡಿ’. ಇದೆಲ್ಲ ಆಮೇಲೆ ತಿಳಿಯಿತು. ಆವತ್ತು ಮಾತ್ರ ಬಿಡುವಂತಿಲ್ಲ, ತಿನ್ನುವಂತಿಲ್ಲ. ಹೆಂಡತಿ ಮೇಜಿನ ಕೆಳಗೆ ನನ್ನ ಕಾಲು ತುಳಿಯುತ್ತಲೇ ಇದ್ದಳು.

ಇಂಗ್ಲಿಷರಿಗೆ ಈ ಪದ ಬಂದದ್ದೇ ಹಡಗು ಹತ್ತಿ. ಚೀನಾದ ಫುಜಿಯನ್ ಕರಾವಳಿಯವರ ‘ತೆ’ ಡಚ್ಚರ ವ್ಯಾಪಾರದಲ್ಲಿ ಯುರೋಪಿಗೆ ಹೋಗಿ ಟೀ ಆಯಿತು. 1660ರಲ್ಲಿ ಲಂಡನ್ನಿನ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ ಮೊದಲ ಸಲ ಈ ಚೀನಾ ಪಾನೀಯ ಕುಡಿದೆ ಎಂದು ಬರೆದುಕೊಂಡ. ಆಗ ಅದು ಬರೀ ಕುಡಿಯುವ ವಸ್ತು. 1840ರ ಸುಮಾರಿಗೆ ಸಿರಿವಂತರ ಮನೆಗಳಲ್ಲಿ ಕೇಕು, ಸ್ಯಾಂಡ್‌ವಿಚ್ ಜೊತೆ ಸಂಜೆಯ ತಿಂಡಿಯಾಯಿತು. ಗಿರಣಿ, ಗಣಿ ಕೆಲಸ ಮುಗಿಸಿ ಹಸಿದು ಬಂದವರ ಮನೆಯಲ್ಲಿ ಪೂರ್ತಿ ಊಟವೇ ಆಯಿತು. ಅದಕ್ಕೇ ಹೈ ಟೀ ಅಂದರು. ನಮ್ಮ ದೊಡ್ಡ ಹೋಟೆಲುಗಳು ಸಾವಿರಾರು ರೂಪಾಯಿ ಕೀಳುವ ಹೈ ಟೀ ಮೂಲದಲ್ಲಿ ಕೂಲಿಯವನ ಊಟ, ನಗು ಬರುತ್ತದೆ ಅಲ್ವಾ? ಟೆಸ್ಟ್ ಕ್ರಿಕೆಟ್ಟಿನಲ್ಲಂತೂ ಟೀ ಎಂದರೆ ಇಪ್ಪತ್ತು ನಿಮಿಷದ ವಿರಾಮ.

ನಮ್ಮ ಕಲಬುರಗಿಯ ಚಾ ಇಷ್ಟು ಲೆಕ್ಕಾಚಾರದ್ದಲ್ಲ. ಮೇ ತಿಂಗಳು, ಹೊರಗೆ ನಲವತ್ತೆರಡು ಡಿಗ್ರಿ. ಕಾಕಾನ ಮನೆ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿ ಹೋಗಲು ಬಂದಿರುತ್ತೇನೆ. ‘ಹಂಗ್ಯಾಕ ಹೊಂಟಿ, ಚಾ ಕುಡದು ಹೋಗು.’ ಒಲ್ಲೆ ಅಂದರೆ ಮುಗಿಯಿತು. ‘ಏನಪಾ, ಲಂಡನ್ನಿಗೆ ಹೋದ ಮ್ಯಾಲ ನಮ್ಮ ಮನಿ ಚಾ ಆಗಿ ಬರಂಗಿಲ್ಲೇನು?’ ಲೀಡ್ಸ್ ಅಂತ ನೂರು ಸಲ ಹೇಳಿದ್ದೇನೆ, ಅವರಿಗೆ ಎಲ್ಲಾ ಲಂಡನ್ನೇ. ಕುಂದ್ರುತ್ತೇನೆ. ಕಪ್ಪು ಬಸಿ ಬರುತ್ತದೆ. ಚಾ ಹಿಂದೆ ಸುಸಲಾ, ಸುಸಲಾ ಹಿಂದೆ ಮಿರ್ಚಿ ಭಜಿ, ಭಜಿ ಹಿಂದೆ ಯಾರದೋ ಮದುವೆ ಮಾತು. ಎದ್ದಾಗ ಎರಡು ತಾಸಾಗಿರುತ್ತದೆ. ಕುಡಿದದ್ದು ಮೂರು ಗುಟುಕು. ನಮ್ಮಲ್ಲಿ ಚಾ ಎಂದರೆ ‘ಇನ್ನೂ ಹೋಗಬೇಡ’ ಅಂತ. ಲೀಡ್ಸ್‌ನ ಅಜ್ಜಿಯ ಮನೆಯಲ್ಲಿ ಏಳು ಗಂಟೆಗೆ ತಟ್ಟೆ ತೊಳೆದಾಗಿತ್ತು, ನಾವು ಕೋಟು ಹಾಕಿಕೊಂಡಾಗಿತ್ತು. ಊಟ ಹಾಕಿದರು ನಿಜ, ಹಿಡಿದು ಕೂಡಿಸಲಿಲ್ಲ. ಬರುವಾಗ ಹೆಂಡತಿಗೆ ಅದನ್ನೇ ಹೇಳಿದೆ. ಅವಳು ಸುಮ್ನೆ ನಡೆದಳು.

ಅವಳು ಸುಮ್ಮನಿದ್ದುದಕ್ಕೆ ಕಾರಣವಿದೆ. ಲೀಡ್ಸ್‌ಗೆ ಬರುವ ಮುಂಚೆ ಊರಿಗೆ ಹೋದಾಗ ಅಪ್ಪನ ಹೊಲದ ಪಹಣಿಯಲ್ಲಿ ಹೆಸರು ಸರಿ ಮಾಡಿಸಲು ಒಂದು ಕಚೇರಿಗೆ ಹೋಗಿದ್ದೆವು. ‘ಚಾಪಾನಿದು ಏನರೆ ನೋಡ್ರಿ, ಸಾಹೇಬ್ರ’ ಎಂದ ಅಲ್ಲಿಯವನೊಬ್ಬ. ಆ ಚಾಪಾನಿಯ ದುಡ್ಡಲ್ಲಿ ಇಡೀ ಓಣಿಗೆ ವಾರ ಪೂರ್ತಿ ಚಾ ಕುಡಿಸಬಹುದಿತ್ತು. ಅದೇ ಸಲ ನನ್ನ ಜೊತೆ ಓದಿದ ಗೆಳೆಯ ಸೂಪರ್ ಮಾರ್ಕೆಟ್ಟಿನಲ್ಲಿ ಸಿಕ್ಕು, ಹೆಗಲ ಮೇಲೆ ಕೈ ಹಾಕಿ, ‘ನಾಳಿ ಚಾಕ್ಕ ಕೂಡೋಣ, ಫೋನ್ ಮಾಡ್ತೀನಿ’ ಎಂದ. ಮೂರು ವಾರ ಇದ್ದೆ. ಫೋನ್ ಬರಲಿಲ್ಲ. ನಾನೂ ಮಾಡಲಿಲ್ಲ ಅನ್ನಿ.

ಅಜ್ಜಿ ಐದೂವರೆ ಎಂದರೆ ಐದೂವರೆ. ಆವತ್ತು ನಾವು ಐದು ನಿಮಿಷ ತಡ. ಬಾಗಿಲು ತೆರೆದೇ ಇತ್ತು, ಪೈ ಬಿಸಿಯಾಗಿತ್ತು. ಇದನ್ನು ಒಪ್ಪಿಕೊಳ್ಳಲು ನನಗೆ ಸ್ವಲ್ಪ ದಿನ ಬೇಕಾಯಿತು.

ಮೊನ್ನೆ ಮತ್ತೆ ಟೀಗೆ ಕರೆದರು. ಈ ಸಲ ನಾಲ್ಕು ಗಂಟೆಗೆ ಏನೂ ತಿನ್ನಲಿಲ್ಲ. ಆದರೆ ಯಾಲಕ್ಕಿ ಹಾಕಿ ಕುದಿಸಿದ ಚಾ ಥರ್ಮಾಸಿನಲ್ಲಿ ತುಂಬಿಕೊಂಡೇ ಹೋದೆವು. ಎಂಟೂವರೆಯವರೆಗೆ ಎದ್ದು ಬರಲಿಲ್ಲ.