ಎದೆಯ ಮೇಲೆ ಅಪ್ಪ, ಗೇಟಿನ ಮುಂದೆ ಬುಂಬಾಯ್

ನನ್ನ ಪಾಸ್‌ಪೋರ್ಟಿನ ಅರ್ಜಿಯಲ್ಲಿ ಸರ್‌ನೇಮ್ ಎಂಬ ಖಾನೆಯನ್ನು ಖಾಲಿ ಬಿಟ್ಟರೆ ಮುಂದೆ ತೊಂದರೆಯಾಗುತ್ತದೆಂದು ಯಾರೋ ಹೆದರಿಸಿದ್ದರಿಂದ, ನಮ್ಮ ತಂದೆಯವರು ಅಲ್ಲಿ ತಮ್ಮ ಹೆಸರನ್ನೇ ದಪ್ಪ ಅಕ್ಷರಗಳಲ್ಲಿ ತುಂಬಿಬಿಟ್ಟರು. ಬೆಂಗಳೂರಿನ ನಮ್ಮಂಥವರಿಗೆ ಮನೆತನದ ಹೆಸರೆಂಬುದು ಇರುವುದಿಲ್ಲ. ಹೆಸರಿಗೆ ಅಂಟಿಕೊಂಡ ಒಂದು ಇನಿಷಿಯಲ್ ಇರುತ್ತದೆ, ಅದನ್ನು ಬಿಡಿಸಿ ಹೇಳಬೇಕಾದ ಪ್ರಸಂಗವೂ ಅಪರೂಪ. ಆದರೆ ಯೇಸು ಕ್ರಿಸ್ತನ ಅಂತಿಮ ದಿನಗಳ ಸಂತರ ಸಭೆಯಲ್ಲಿ, ಅಂದರೆ ಲೋಕವೆಲ್ಲ ಮಾರ್ಮನ್ ಎಂದು ಕರೆಯುವ, ದಯವಿಟ್ಟು ಹಾಗೆ ಕರೆಯಬೇಡಿರೆಂದು 2018ರಲ್ಲಿ ಸಭಾಧ್ಯಕ್ಷರೇ ಕೇಳಿಕೊಂಡ ನಮ್ಮ ಸಭೆಯಲ್ಲಿ, ಮಿಷನರಿಯಾಗಿ ಹೊರಟವನನ್ನು ಯಾರೂ ಅವನ ಸ್ವಂತ ಹೆಸರಿನಿಂದ ಕರೆಯುವುದಿಲ್ಲ. ಮೊದಲು ಎಲ್ಡರ್, ಅಂದರೆ ಹಿರಿಯ. ಅದರ ಬೆನ್ನಿಗೆ ಸರ್‌ನೇಮ್. ಹೀಗೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಮೀಸೆ ನೆಟ್ಟಗೆ ಮೂಡುವ ಮೊದಲೇ (ಮೂಡಿದ್ದರೂ ನಿಯಮದಂತೆ ಬೋಳಿಸಬೇಕಿತ್ತು), ಅಪ್ಪನ ಹೆಸರು ಕೆತ್ತಿದ ಕಪ್ಪು ಬಿಲ್ಲೆಯನ್ನು ಎದೆಗೆ ಸಿಕ್ಕಿಸಿಕೊಂಡು ನಾನು ಎರಡು ವರ್ಷಗಳ ಕಾಲ ಫಿಲಿಪೀನ್ಸಿನಲ್ಲಿ ಹಿರಿಯನಾಗಿ ಓಡಾಡಿದೆ.

ಮನಿಲಾದ ಪಕ್ಕದ ಕ್ಯೂಸಾನ್ ಸಿಟಿಯ ತರಬೇತಿ ಕೇಂದ್ರದಲ್ಲಿ ಕೆಲವು ವಾರ ಟಗಾಲೊಗ್ ಭಾಷೆಯನ್ನು ಅರೆದು ಕುಡಿಸಿ, ನನ್ನನ್ನು ಲಗೂನಾ ಪ್ರಾಂತ್ಯದ ಸಾನ್ ಪಾಬ್ಲೊ ಎಂಬ ಊರಿಗೆ ಕಳುಹಿಸಿದರು. ಅದು ಏಳು ಕೆರೆಗಳ ಊರು; ಮಿಷನರಿಗಳು ಈಜಬಾರದೆಂಬ ನಿಯಮವಿರುವುದರಿಂದ ಏಳನ್ನೂ ದಡದಲ್ಲಿ ನಿಂತು ನೋಡಿದ್ದಷ್ಟೇ ಬಂತು. ಸುತ್ತಲೂ ತೆಂಗಿನ ತೋಟ. ತಿಪಟೂರಿಗೆ ಬಂದಿಳಿದಂತೆಯೇ ಆಯಿತೆಂದು ನಾನು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಭಾಷೆ ಕೈಕೊಡತೊಡಗಿತು.

ಟಗಾಲೊಗ್ ಪೂರ್ತಿ ಅಪರಿಚಿತವಾಗಿದ್ದರೆ ನಾನು ಬಚಾವಾಗುತ್ತಿದ್ದೆ. ನೂರಾರು ವರ್ಷಗಳ ಹಿಂದೆಯೇ ಸಂಸ್ಕೃತದ ಶಬ್ದಗಳು ಕಡಲು ದಾಟಿ ಅಲ್ಲಿ ಮನೆಮಾಡಿರುವುದರಿಂದ ಮುಖ ಎಂದರೆ ಅಲ್ಲಿಯೂ ಮುಖವೇ, ಗುರೊ ಎಂದರೆ ಗುರುವೇ. ಈ ಎರಡು ಶಬ್ದಗಳ ಬಲದ ಮೇಲೆ ಉಳಿದವನ್ನೂ ನಂಬಿ ಕೆಟ್ಟೆ. ನಮ್ಮ ಪ್ರಾರ್ಥನೆ ಆರಂಭವಾಗುವುದೇ "ಆಮಾ" ಎಂಬ ಸಂಬೋಧನೆಯಿಂದ; ಅದರ ಅರ್ಥ ತಂದೆ. ಕಣ್ಣು ಮುಚ್ಚಿ ಹಾಗೆಂದೊಡನೆ ನನ್ನ ಮನಸ್ಸಿಗೆ ಪರಲೋಕದ ತಂದೆಯ ಬದಲು ಒಲೆಯ ಮುಂದೆ ನಿಂತ ಅಮ್ಮನೇ ಬರುತ್ತಿದ್ದಳು. ಅಕ್ಕನಿಗೆ ಅವರು "ಆತೆ" ಎನ್ನುತ್ತಾರೆ, ಹೀಗಾಗಿ ಸಭೆಯ ಹೆಣ್ಣುಮಕ್ಕಳನ್ನೆಲ್ಲ ನಾನು ಅತ್ತೆಯರ ಪಂಕ್ತಿಯಲ್ಲಿ ಕೂರಿಸಿದೆ. ಅಪ್ಪ "ತಾತಾಯ್" ಆಗಿ ಒಂದು ತಲೆಮಾರು ಮೇಲಕ್ಕೇರಿದ. ಎಲ್ಲಕ್ಕಿಂತ ಕಷ್ಟವಾದದ್ದು "ಪೊ". ನಾವು "ರೀ" ಹಚ್ಚುವಂತೆ ಅವರು ದೊಡ್ಡವರೊಡನೆ ಆಡುವ ಪ್ರತಿಯೊಂದು ಮಾತಿಗೂ ಪೊ ಹಚ್ಚುತ್ತಾರೆ. ನಾನು ಬೆಳೆದ ಬೀದಿಯಲ್ಲಿ ಅರ್ಧ ಮನೆಗಳು ತಮಿಳರವು, ಅಲ್ಲಿ ಪೋ ಎಂದರೆ ಆಚೆ ಹೋಗು ಎಂದು. ಅಷ್ಟೊಂದು ಜನ ಮುಗುಳ್ನಗುತ್ತ ನನ್ನನ್ನು ಆಚೆ ಹೋಗು ಎನ್ನುವುದಕ್ಕೆ ಒಗ್ಗಿಕೊಳ್ಳಲು ಎರಡು ತಿಂಗಳು ಹಿಡಿಯಿತು.

ನನ್ನ ಜೊತೆಗಾರ ಅಮೆರಿಕದ ಐಡಾಹೊ ರಾಜ್ಯದವನು. ಮಿಷನರಿಗಳು ಸದಾ ಜೋಡಿಯಾಗಿ, ಒಬ್ಬರಿಗೊಬ್ಬರು ಕಾಣುವಷ್ಟು, ಕೇಳಿಸುವಷ್ಟು ಹತ್ತಿರದಲ್ಲೇ ಇರಬೇಕು. ಬಚ್ಚಲುಮನೆಗೆ ಮಾತ್ರ ವಿನಾಯಿತಿ. ಬೆಳಿಗ್ಗೆ ಆರೂವರೆಗೆ ಒಟ್ಟಿಗೆ ಏಳುವುದು, ರಾತ್ರಿ ಹತ್ತೂವರೆಗೆ ಒಟ್ಟಿಗೆ ದೀಪ ಆರಿಸುವುದು. ಬಚ್ಚಲಿನ ಬಕೆಟ್ಟು ಮತ್ತು ಚೊಂಬನ್ನು ಕಂಡು ಅವನು ಬೆಚ್ಚಿದ್ದ, ನಾನು ಸಾಕ್ಷಾತ್ ತವರನ್ನೇ ಕಂಡಂತೆ ಹಿಗ್ಗಿದ್ದೆ. ಆ ಒಂದು ವಿಷಯದಲ್ಲಿ ನಾನು ಅವನಿಗೆ ಗುರುವಾದೆ. ಮಿಕ್ಕಂತೆ ಬಾಗಿಲುಗಳು ತೆರೆಯುತ್ತಿದ್ದುದು ಅವನಿಗೇ. ನನ್ನ ಮುಖ ಕಂಡ ಕೂಡಲೇ ಕಿಟಕಿಯ ಪರದೆಗಳು ಮುಚ್ಚಿಕೊಳ್ಳುತ್ತಿದ್ದವು, ಅಂಗಳದಲ್ಲಿ ಆಡುತ್ತಿದ್ದ ಮಕ್ಕಳು "ಬುಂಬಾಯ್! ಬುಂಬಾಯ್!" ಎಂದು ಕೂಗುತ್ತ ಒಳಗೆ ಓಡುತ್ತಿದ್ದವು.

ಫಿಲಿಪೀನ್ಸಿನಲ್ಲಿ ಭಾರತೀಯನೆಂದರೆ ಬುಂಬಾಯ್. ಅವನು ಪಂಜಾಬಿಯಾಗಿರಲಿ, ಬೆಂಗಳೂರಿನವನಾಗಿರಲಿ, ಅವರ ಲೆಕ್ಕದಲ್ಲಿ ಇಳಿದದ್ದು ಮುಂಬಯಿಯಿಂದ. ದಪ್ಪ ಈರುಳ್ಳಿಗೂ ಬಾಂಬೆಯ ಹೆಸರಿಟ್ಟಿದ್ದಾರೆ, ಆದರೆ ಅದನ್ನು ಕಂಡು ಯಾರೂ ಓಡುವುದಿಲ್ಲ. ಮೋಟಾರ್ ಬೈಕಿನಲ್ಲಿ ಮನೆಮನೆಗೆ ಬಂದು ಕೈಸಾಲ ಕೊಟ್ಟು ಕಂತು ವಸೂಲಿ ಮಾಡುವ ದಂಧೆಯಲ್ಲಿ ನಮ್ಮ ದೇಶದವರು ಅಲ್ಲಿ ಪ್ರಸಿದ್ಧರು. ಐದು ತೆಗೆದುಕೊಂಡರೆ ಆರು ಹಿಂದಿರುಗಿಸಬೇಕಾದ್ದರಿಂದ ಆ ಸಾಲಕ್ಕೆ ಐದು-ಆರು ಎಂದೇ ಹೆಸರು. ಸಾಲದ ಗೊಡವೆ ಇಲ್ಲದ ಮನೆಗಳಲ್ಲಿಯೂ ಊಟ ಮಾಡದ ಮಕ್ಕಳನ್ನು ಬುಂಬಾಯ್ ಚೀಲದಲ್ಲಿ ತುಂಬಿಕೊಂಡು ಹೋಗುತ್ತಾನೆಂದು ಹೆದರಿಸುವ ವಾಡಿಕೆಯಿದೆ. ನನ್ನ ಹೆಗಲಿಗೆ ಪುಸ್ತಕಗಳ ಚೀಲವಿತ್ತೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಒಂದು ಮಧ್ಯಾಹ್ನ ತೆಂಗಿನಕಾಯಿ ಮಂಡಿಯ ಹಿಂದಿನ ಮನೆಯೊಂದರ ಮುಂದೆ ನಿಂತು, ಆ ಊರಿನ ಪದ್ಧತಿಯಂತೆ "ತಾವೊ ಪೊ" ಎಂದು ಕೂಗಿದೆವು. ಬಂದಿರುವುದು ಮನುಷ್ಯರೇ ರೀ ಎಂಬಷ್ಟು ಅದರ ಅರ್ಥ. ಆರು ವರ್ಷದ ಹುಡುಗನೊಬ್ಬ ಕಿಟಕಿಯ ಸರಳು ಹಿಡಿದು ನಿಂತು, ಅಮ್ಮ ಮನೆಯಲ್ಲಿಲ್ಲ ಎಂದ. ಅವನ ಹಿಂದಿನ ಪರದೆ ನೆಲದಿಂದ ಒಂದು ಗೇಣು ಮೇಲಿತ್ತು, ಆ ಸಂದಿನಲ್ಲಿ ನೀಲಿ ಹವಾಯಿ ಚಪ್ಪಲಿ ತೊಟ್ಟ ಎರಡು ಪಾದಗಳು ಅಲುಗಾಡದೆ ನಿಂತಿದ್ದವು. ಪರದೆ ಏನನ್ನೋ ಪಿಸುಗುಟ್ಟಿತು. ಹುಡುಗ ಅದನ್ನು ಮಗ್ಗಿಯಂತೆ ಗಟ್ಟಿಯಾಗಿ ಒಪ್ಪಿಸಿದ: "ಬುಕಸ್ ನಾ ಲಾಂಗ್ ಪೊ."

ಬುಕಸ್ ಎಂದರೆ ನಾಳೆ. ಅದೇ ಶಬ್ದದ ಎರಡನೆಯ ಅಕ್ಷರಕ್ಕೆ ಒತ್ತು ಕೊಟ್ಟರೆ, ತೆರೆದಿದೆ ಎಂದರ್ಥ. ಪರದೆ ಹೇಳಿಕೊಟ್ಟದ್ದು, ನಮ್ಮೂರಿನ ಬಾಗಿಲುಗಳ ಮೇಲೆ ದೆವ್ವಕ್ಕಾಗಿ ಬರೆದಿಡುತ್ತಿದ್ದ "ನಾಳೆ ಬಾ" ಎಂಬ ಮಾತನ್ನೇ. ನನಗೆ ಕೇಳಿಸಿದ್ದು "ತೆರೆದಿದೆ, ಬನ್ನಿ" ಎಂದು. ನಾನು ಕೃತಜ್ಞತೆಯಿಂದ ಗೇಟು ತಳ್ಳಿಕೊಂಡು ಒಳಗೇ ನಡೆದೆ. ನಾಳೆ ಬಾ ಎಂದರೂ ನಿಲ್ಲದೆ ಬಂದ ದೆವ್ವವನ್ನು ಕಂಡು ಹುಡುಗ ಕಿರುಚಿದ. ಪರದೆ ಸರಿಯಿತು. ಒದ್ದೆ ಕೈಯ ಹೆಂಗಸೊಬ್ಬಳು ಮಿಲೊ ಡಬ್ಬಿಯೊಳಗಿಂದ ಮಡಿಸಿದ ನೋಟುಗಳನ್ನು ತೆಗೆದು, ಸದ್ಯಕ್ಕೆ ಇನ್ನೂರು ಪೆಸೊ ಇಟ್ಟುಕೊಳ್ಳಿ, ಉಳಿದದ್ದು ಶನಿವಾರ ಎಂದು ನನ್ನ ಅಂಗೈಗೆ ತುರುಕಿದಳು. ಇದು ಸಭೆಗೆ ಸಲ್ಲಿಸುವ ಕಾಣಿಕೆಯಿರಬೇಕೆಂದು ತಿಳಿದು, ದೇವರು ನಿಮ್ಮ ಹೃದಯವನ್ನು ಬಲ್ಲನೆಂದು ಹರಸಿದೆ. ಹೃದಯಕ್ಕೆ ಪುಸೊ, ಬೆಕ್ಕಿಗೆ ಪುಸಾ. ಟಗಾಲೊಗ್ ಕಲಿಯುವ ಪರದೇಶಿಗಳೆಲ್ಲ ಒಮ್ಮೆಯಾದರೂ ಈ ತಪ್ಪನ್ನು ಮಾಡುತ್ತಾರಂತೆ. ಆದರೆ ಸಾಲಗಾರ್ತಿಯ ಹಣ ಕೈಯಲ್ಲಿ ಹಿಡಿದು, ನಿನ್ನ ಬೆಕ್ಕು ದೇವರಿಗೆ ಗೊತ್ತಿದೆ ಎಂದು ಬೆದರಿಸಿದವರು ಬಹಳ ಮಂದಿ ಇರಲಾರರು. ಅವಳು ಗಾಬರಿಯಿಂದ ಬೆಕ್ಕನ್ನು ಎತ್ತಿಕೊಂಡಳು.

ಐಡಾಹೊದವನು ನಡುವೆ ಬಂದು, ಇವನು ಅವನಲ್ಲ ಎಂಬುದನ್ನು ಬಿಡಿಸಿ ಹೇಳಿ ಹಣ ಹಿಂದಿರುಗಿಸಿದ. ಆಕೆ ನಕ್ಕು ನಕ್ಕು ಹೊಸ್ತಿಲ ಮೇಲೆಯೇ ಕುಳಿತುಬಿಟ್ಟಳು. ಆಮೇಲೆ ಕಾಫಿ ಕುಡಿಯಿರೆಂದಳು. ನಮ್ಮವರಿಗೆ ಕಾಫಿ, ಚಹಾ ಎರಡೂ ನಿಷಿದ್ಧ. ಕಾಫಿ ಬಿಟ್ಟ ಬೆಂಗಳೂರಿನವನೆಂದರೆ ನಮ್ಮಜ್ಜಿಯೇ ನಂಬಿರಲಿಲ್ಲ, ಈಕೆ ನಂಬಿ ಊಟಕ್ಕೆ ಎಬ್ಬಿಸಿದಳು. ಅನ್ನ, ಕರಿದ ಮೀನು. ಬಡಿಸುತ್ತ "ಸುಕಾ?" ಎಂದು ಕೇಳಿದಳು. ಹಸಿದವನ ಸುಖದುಃಖ ವಿಚಾರಿಸುವ ಆ ಅಂತಃಕರಣಕ್ಕೆ ಕರಗಿ, "ಮರಾಮಿ ಪೊ", ಬಹಳವಿದೆ ಎಂದೆ. ಸುಕಾ ಎಂದರೆ ವಿನೆಗರ್. ಅವಳು ಬಾಟಲಿಯನ್ನು ಬಗ್ಗಿಸಿ ಅನ್ನ ತೇಲುವಂತೆ ಸುರಿದಳು. ಆ ಶಬ್ದದ ಉಚ್ಚಾರ ಸ್ವಲ್ಪ ಜಾರಿದರೆ ವಾಂತಿ ಎಂದಾಗುತ್ತದೆ. ಒಂದರಿಂದ ಇನ್ನೊಂದಕ್ಕೆ ಜಾರದಂತೆ ತಟ್ಟೆ ಖಾಲಿ ಮಾಡಿದ್ದು ನನ್ನ ಮಿಷನರಿ ಜೀವನದ ಅತಿ ದೊಡ್ಡ ತಪಸ್ಸು.

ಸೋಮವಾರ ನಮಗೆ ಬಟ್ಟೆ ಒಗೆಯುವ, ಸಾಮಾನು ತರುವ, ಮನೆಗೆ ಮಾತಾಡುವ ದಿನ. ಹಿಂದೆಲ್ಲ ವರ್ಷಕ್ಕೆ ಎರಡೇ ಬಾರಿ ಕರೆ ಮಾಡಬಹುದಿತ್ತಂತೆ; 2019ರ ಫೆಬ್ರವರಿಯಿಂದ ವಾರಕ್ಕೊಮ್ಮೆ ಅನುಮತಿಯಾಯಿತು. ಮದುವೆಯಾದಂದಿನಿಂದ ಅಮ್ಮ ಅಪ್ಪನ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ರೇಷನ್ ಕಾರ್ಡಿನ ಸಾಲಿನಲ್ಲಿ ಯಜಮಾನರ ಹೆಸರೇನೆಂದು ಕೇಳಿದರೆ ನನ್ನನ್ನು ಮುಂದಕ್ಕೆ ತಳ್ಳುತ್ತಿದ್ದಳು. ಒಂದು ಸೋಮವಾರ ಅವಳೊಡನೆ ವಿಡಿಯೊದಲ್ಲಿ ಮಾತಾಡುತ್ತಿರುವಾಗ ಬೀದಿಯ ಹದಿನೈದು ಮಕ್ಕಳು, ಆ ಹೊತ್ತಿಗಾಗಲೇ ಭಯ ಬಿಟ್ಟವರು, ಕಿಟಕಿಗೆ ಜೋತುಬಿದ್ದು ಬಿಲ್ಲೆಯ ಮೇಲಿನ ಹೆಸರನ್ನು ರಾಗವಾಗಿ ಕೂಗತೊಡಗಿದರು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅತ್ತ ಒಳಕೋಣೆಯಲ್ಲಿದ್ದ ಅಪ್ಪ "ಯಾರು ಕರೆದದ್ದು?" ಎಂದು ಅಂಗಿ ತೊಟ್ಟುಕೊಂಡು ಹೊರಬಂದರು.

ಊರಿಗೆ ಮರಳಲು ತಿಂಗಳೊಂದು ಉಳಿದಿದ್ದಾಗ, ಹೊಸ ಬೀದಿಯ ಒಂದು ಗೇಟಿನ ಮುಂದೆ ನಾನು "ತಾವೊ ಪೊ" ಎಂದ ಕ್ಷಣದಲ್ಲೇ ನನ್ನ ಬೆನ್ನ ಹಿಂದೆ ಮತ್ತೊಂದು "ತಾವೊ ಪೊ" ಕೇಳಿಸಿತು. ತಿರುಗಿದರೆ ಮೋಟಾರ್ ಬೈಕಿನ ಮೇಲೆ ನಿಜವಾದ ಬುಂಬಾಯ್, ನಲವತ್ತರ ಪಂಜಾಬಿ, ಜೇಬಿನಲ್ಲಿ ಉದ್ದನೆಯ ಲೆಕ್ಕದ ಪುಸ್ತಕ. ಒಳಗಿನಿಂದ ಮಗುವಿನ ಸ್ವರ ಇಬ್ಬರಿಗೂ ಸೇರಿಸಿ ನಾಳೆ ಬನ್ನಿ ಎಂದಿತು. ಅವನು ನನ್ನ ಬಿಳಿ ಅಂಗಿ, ಟೈಗಳನ್ನು ಅಳೆದು ನೋಡಿ, ಬಡ್ಡಿ ಎಷ್ಟು ಹಾಕುತ್ತೀಯೆಂದು ಹಿಂದಿಯಲ್ಲಿ ಕೇಳಿದ. ಬೆಂಗಳೂರಿನ ಆಟೊಗಳಲ್ಲಿ ಕಲಿತ ನನ್ನ ಹಿಂದಿಯಲ್ಲಿ, ನಾವು ಕೊಡುವುದಕ್ಕೆ ಬಡ್ಡಿಯೂ ಇಲ್ಲ, ಅಸಲೂ ಇಲ್ಲ ಎಂದೆ. ಅವನು ಹೆಲ್ಮೆಟ್ ತೆಗೆದು ತಲೆ ಕೆರೆದುಕೊಂಡ. "ಬಿಟ್ಟಿ ಕೊಟ್ಟರೂ ತೆಗೆಯುವುದಿಲ್ಲವೇ?" ಎಂದು ಮರುಗಿ, ನಾಳೆ ನಾಲ್ಕಕ್ಕೆ ನಾನು ಬಂದು ಹೋಗುತ್ತೇನೆ, ನಾಲ್ಕೂವರೆಗೆ ನೀನು ಬಾ, ಆಗ ಅವರಿಗೆ ದೇವರ ಅವಶ್ಯಕತೆ ಇರುತ್ತದೆ ಎಂದು ಸಲಹೆಯಿತ್ತು ಬೈಕು ಒದ್ದ.

ಮರುದಿನ ನಾಲ್ಕೂವರೆಗೆ ಹೋದೆವು. ಗೇಟು ಹಾರು ಹೊಡೆದಿತ್ತು. ಮನೆಯವರೆಲ್ಲರೂ ಹಿತ್ತಲಿನಲ್ಲಿ, ಒಣಗಹಾಕಿದ್ದ ಕಂಬಳಿಯ ಹಿಂದೆ ಸಾಲಾಗಿ ನಿಂತಿದ್ದರು.