ಫ್ಲೋಟಿಂಗ್ ಪಾಯಿಂಟ್: ಪದ ಮೊದಲೋ, ಕೋಡ್ ಮೊದಲೋ?

ದಶಮಾಂಶ ಸಂಖ್ಯೆಗಳನ್ನು ಕಂಪ್ಯೂಟರ್ ಇಟ್ಟುಕೊಳ್ಳುವ ಬಗೆಗೆ ಫ್ಲೋಟಿಂಗ್ ಪಾಯಿಂಟ್ (ಚಿಕ್ಕದಾಗಿ ಫ್ಲೋಟ್) ಎನ್ನುತ್ತಾರೆ. ಪ್ರೋಗ್ರಾಮಿಂಗ್ ಕಲಿಯಲು ಹೊರಟವರಿಗೆ ಮ್ಯಾಂಟಿಸಾ (ಸಂಖ್ಯೆಯ ಅಂಕಿಗಳ ಭಾಗ), ಎಕ್ಸ್‌ಪೊನೆಂಟ್ (ಬಿಂದು ಎಲ್ಲಿದೆ ಎಂದು ಹೇಳುವ ಘಾತ), ಓವರ್‌ಫ್ಲೋ (ಇಟ್ಟ ಜಾಗಕ್ಕೆ ಹಿಡಿಸದಷ್ಟು ದೊಡ್ಡ ಸಂಖ್ಯೆ ಬರುವುದು) ಮುಂತಾದ ಪದಗಳನ್ನು ಮೊದಲೇ ಕಲಿಸಬೇಕೇ?

ಪರ

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ಏನೂ ಗೊತ್ತಿಲ್ಲದ ಹುಡುಗ ಇದು ಪೈಥಾನ್‌ನದೇ ತಪ್ಪು ಎಂದುಕೊಳ್ಳುತ್ತಾನೆ. 'ರೌಂಡಿಂಗ್ ಎರರ್' ಎಂದರೇನೆಂದು ತಿಳಿದವನಿಗೆ ಕಾರಣ ಹೊಳೆಯುತ್ತದೆ: ಮೂರನೇ ಒಂದು ಭಾಗ ದಶಮಾಂಶದಲ್ಲಿ ಹೇಗೆ ಮುಗಿಯುವುದಿಲ್ಲವೋ, ಹತ್ತನೇ ಒಂದು ಭಾಗ ಕಂಪ್ಯೂಟರ್ ಬಳಸುವ 0-1ರ ಬೈನರಿಯಲ್ಲಿ ಹಾಗೇ ಮುಗಿಯುವುದಿಲ್ಲ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು.

ಎಲ್ಲಿ ಕತ್ತರಿಸಬೇಕೆಂದು 1985ರ ಐಇಇಇ 754 ಮಾನಕ (ಎಂಜಿನಿಯರುಗಳ ಸಂಸ್ಥೆಯೊಂದರ ನಿಯಮ) ಹೇಳುತ್ತದೆ. 64 ಬಿಟ್‌ಗಳಲ್ಲಿ (0 ಅಥವಾ 1 ಕೂರುವ ಜಾಗಗಳಲ್ಲಿ) ಒಂದು ಚಿಹ್ನೆಗೆ, 11 ಎಕ್ಸ್‌ಪೊನೆಂಟಿಗೆ, 52 ಮ್ಯಾಂಟಿಸಾಗೆ. ಅಂಕಿಗಳಿಗೆ ಜಾಗ ಇಷ್ಟೇ ಎಂದು ಗೊತ್ತಿದ್ದರೆ 9007199254740992.0ಕ್ಕೆ 1 ಕೂಡಿಸಿದರೂ ಸಂಖ್ಯೆ ಕದಲದಿರುವುದು ಒಗಟಾಗುವುದಿಲ್ಲ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಸಿಡಿದದ್ದೂ 64 ಬಿಟ್ ಫ್ಲೋಟನ್ನು 16 ಬಿಟ್ ಪೂರ್ಣಾಂಕಕ್ಕೆ ಇಳಿಸುವಾಗ ಆದ ಓವರ್‌ಫ್ಲೋನಿಂದ. ಪದವೇ ಗೊತ್ತಿಲ್ಲದಿದ್ದರೆ ಅಂಥ ವರದಿಯನ್ನು ಓದುವುದಾದರೂ ಹೇಗೆ?

ವಿರೋಧ

ವರದಿ ಓದೋಣ, ಆದರೆ ಪೂರ್ತಿ ಓದೋಣ. ಆ ಎಂಜಿನಿಯರುಗಳಿಗೆ ಓವರ್‌ಫ್ಲೋ ಎಂದರೇನೆಂದು ಚೆನ್ನಾಗಿಯೇ ಗೊತ್ತಿತ್ತು. ಅಪಾಯವಿದ್ದ ಏಳು ವೇರಿಯಬಲ್‌ಗಳಲ್ಲಿ ನಾಲ್ಕಕ್ಕೆ ರಕ್ಷಣೆ ಕೊಟ್ಟಿದ್ದರು. ಪ್ರೊಸೆಸರಿನ ಮೇಲೆ ಹೊರೆ ಹೆಚ್ಚಾಗದಿರಲೆಂದು ಉಳಿದ ಮೂರನ್ನು ಬೇಕೆಂದೇ ಬಿಟ್ಟಿದ್ದರು. ಆ ಕೋಡ್ ಮೊದಲು ಓಡಿದ ಹಿಂದಿನ ರಾಕೆಟ್ ಏರಿಯಾನ್ 4ರ ಹಾರಾಟಕ್ಕೆ ಆ ಲೆಕ್ಕ ಸರಿಯಾಗಿತ್ತು. ಹೊಸ ರಾಕೆಟ್‌ನ ಪಥವೇ ಬೇರೆ, ಅಡ್ಡ ವೇಗ ಹೆಚ್ಚು. ಆ ಹೊಸ ಪಥವನ್ನು ಇಟ್ಟು ಪರೀಕ್ಷಿಸಲಿಲ್ಲ. ಅಲ್ಲಿ ಇಲ್ಲದೇ ಹೋದದ್ದು ಪರೀಕ್ಷೆ, ಪದವಲ್ಲ.

ನಮ್ಮ ತರಗತಿಗಳಲ್ಲಿ ಪದ ಮೊದಲು ಬಂದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. 'ನ್ಯಾನ್ ಎಂದರೆ ನಾಟ್ ಎ ನಂಬರ್' ಎಂದು ಬರೆದು ಎರಡು ಅಂಕ ಪಡೆಯುತ್ತಾರೆ. ಅರ್ಥವಿಲ್ಲದ ಲೆಕ್ಕಕ್ಕೆ ಉತ್ತರವಾಗಿ ಬರುವ ಈ ನ್ಯಾನ್ ತನಗೆ ತಾನೇ ಸಮವಲ್ಲ ಎಂಬುದು, ಆ ಹೋಲಿಕೆ ಬರೆದು 'ಫಾಲ್ಸ್' (ಸುಳ್ಳು) ಬಂದಾಗಷ್ಟೇ ತಲೆಗೆ ಹೋಗುವುದು. ಸೊನ್ನೆಯಿಂದ ಶುರುಮಾಡಿ ಲೂಪಿನಲ್ಲಿ ಹತ್ತು ಸಲ 0.1 ಕೂಡಿಸಲು ಹೇಳಿ, 0.9999999999999999 ಕಂಡ ವಿದ್ಯಾರ್ಥಿ ತಾನೇ 'ಯಾಕೆ?' ಎನ್ನುತ್ತಾನೆ. ಆಗ ಮ್ಯಾಂಟಿಸಾ ಎನ್ನಿ, ಮರೆಯುವುದಿಲ್ಲ. (ಮಾನಕವೇ ಅದನ್ನು 'ಸಿಗ್ನಿಫಿಕೆಂಡ್' ಎನ್ನುತ್ತದೆ, ಪಠ್ಯಪುಸ್ತಕಗಳು ಒಪ್ಪಬೇಕಲ್ಲ!)

ಅಂಗಡಿಯ ಬಿಲ್ಲಿಗೆ ಕೋಡ್ ಬರೆಯುವವರಿಗಂತೂ ಇದ್ಯಾವುದೂ ಬೇಡ. ರೂಪಾಯಿಯನ್ನು ಫ್ಲೋಟ್‌ನಲ್ಲಿ ಇಡದೆ, ಪೈಸೆಯನ್ನು ಪೂರ್ಣಾಂಕವಾಗಿ ಎಣಿಸಿದರೆ ಕೂಡುವ ಕಳೆಯುವ ಲೆಕ್ಕ ತಪ್ಪುವುದಿಲ್ಲ. ಶೇಕಡಾ ತೆರಿಗೆ ಹಾಕುವಾಗ ಮಾತ್ರ ಅರ್ಧ ಪೈಸೆಯನ್ನು ಯಾವ ಕಡೆಗೆ ತಳ್ಳಬೇಕೆಂದು ತೀರ್ಮಾನಿಸಬೇಕು. ರೌಂಡಿಂಗ್ ಪಾಠ ಶುರುಮಾಡಲು ಅದೇ ಸರಿಯಾದ ಹೊತ್ತು.