ಚರಂಡಿಗೆ ದುಡಿದ ರಾಜಮನೆತನ

ದಕ್ಷಿಣ ಲಂಡನ್ನಿನ ಹೊಲಸನ್ನೆಲ್ಲ ಮೇಲೆತ್ತಿ, ತೊಟ್ಟಿಯಲ್ಲಿ ಕೂಡಿಟ್ಟು, ಇಳಿತದ ಹೊತ್ತು ನೋಡಿ ಥೇಮ್ಸ್‌ಗೆ ಬಿಡಲು 1865ರಲ್ಲಿ ಕ್ರಾಸ್‌ನೆಸ್‌ನಲ್ಲಿ ಒಂದು ಪಂಪ್‌ಹೌಸ್ ಎದ್ದಿತು. ಎಂಜಿನಿಯರು ಜೋಸೆಫ್ ಬ್ಯಾಜಲ್‌ಜೆಟ್. ಅಲ್ಲಿನ ನಾಲ್ಕು ಉಗಿಯಂತ್ರಗಳ ಹೆಸರು ವಿಕ್ಟೋರಿಯಾ, ಪ್ರಿನ್ಸ್ ಕಾನ್ಸಾರ್ಟ್, ಆಲ್ಬರ್ಟ್ ಎಡ್ವರ್ಡ್, ಅಲೆಕ್ಸಾಂಡ್ರಾ: ರಾಣಿ, ಆಕೆಯ ಗಂಡ, ಮಗ, ಸೊಸೆ. ಇಡೀ ಅರಮನೆಯನ್ನು ಕಕ್ಕಸು ಎತ್ತಲು ಹಚ್ಚಿದರೂ ಯಾರಿಗೂ ಬೇಜಾರಾಗಲಿಲ್ಲ. ಯುವರಾಜ ಆಲ್ಬರ್ಟ್ ಎಡ್ವರ್ಡನೇ ಬಂದು ಉದ್ಘಾಟಿಸಿ ಹೋದ.

ಈಗ ಅದು ಮ್ಯೂಸಿಯಂ. ನೋಡಹೋಗುವವರಿಗೆ ಮೊದಲ ಪೆಟ್ಟು ಕ್ಯಾಲೆಂಡರಿನದು. ಯಂತ್ರ ಓಡುವುದು ವರ್ಷದಲ್ಲಿ ಕೆಲವೇ ದಿನ. ದಿನಾಂಕ ನೋಡದೆ ಹೋದರೆ ಗೇಟಿನ ದರ್ಶನ ಮಾತ್ರ. ಎರಡನೆಯದು ಪಾದರಕ್ಷೆಯದು. ಮಹಡಿಯ ನೆಲ ತೂತುತೂತಿನ ಎರಕದ ಕಬ್ಬಿಣ. ಹೈಹೀಲ್ ಸಿಕ್ಕಿಕೊಳ್ಳುತ್ತದೆ. ಸಣ್ಣ ಸಾಮಾನು ಕೈಜಾರಿದರೆ ಕೆಳಗಿದ್ದವರ ಹೆಲ್ಮೆಟ್ಟಿನ ಮೇಲೆ ಟಣ್! ಹೆಲ್ಮೆಟ್ ಕೊಡುವುದು ಫೋಟೋಕ್ಕಲ್ಲ.

ಓಡುವ ದಿನವೂ "ಸ್ವಿಚ್ ಹಾಕ್ರೀ, ನೋಡೋಣ" ಅಂದರೆ ನಡೆಯದು. ತಣ್ಣನೆಯ ಸಿಲಿಂಡರಿಗೆ ಹೋದ ಉಗಿ ತಕ್ಷಣ ನೀರಾಗುತ್ತದೆ. ನೀರು ಉಗಿಯ ಹಾಗೆ ಕುಗ್ಗುವ ಜಾತಿಯದಲ್ಲ. ಪಿಸ್ಟನ್ ಬಂದು ಗುದ್ದಿದರೆ ಸಿಲಿಂಡರಿನ ಮುಚ್ಚಳವೇ ಬಿರಿಯಬಹುದು. ಅದಕ್ಕೇ ನೀರು ಹೊರಹೋಗುವ ನಲ್ಲಿ, ಅಂದರೆ ಡ್ರೇನ್ ಕಾಕ್ ತೆರೆದಿಟ್ಟು, ಉಗಿಯನ್ನು ಚೂರುಚೂರೇ ಹಾಯಿಸಿ, ಕಬ್ಬಿಣವನ್ನು ನಿಧಾನವಾಗಿ ಕಾಯಿಸುತ್ತಾರೆ. ಇಷ್ಟಾದರೂ ಚಕ್ರ ತಿರುಗಿಸುವ ತೋಳಾದ ಕ್ರ್ಯಾಂಕು ಮತ್ತು ಅದನ್ನು ತಳ್ಳುವ ಕನೆಕ್ಟಿಂಗ್ ರಾಡು ಒಂದೇ ಗೆರೆಯಲ್ಲಿ, ಅಂದರೆ ಡೆಡ್ ಸೆಂಟರಿನಲ್ಲಿ ನಿಂತಿದ್ದರೆ ಎಷ್ಟು ಉಗಿ ಕೊಟ್ಟರೂ ವ್ಯರ್ಥ: ತಳ್ಳಿದ ಬಲವೆಲ್ಲ ನೇರ ಬೇರಿಂಗಿಗೆ ಹೋಗುತ್ತದೆ, ತಿರುಗಿಸಲು ಏನೂ ಉಳಿಯದು. ಮೊದಲು ಫ್ಲೈವೀಲ್ ಎಂಬ 52 ಟನ್ನಿನ ದೊಡ್ಡ ಚಕ್ರವನ್ನು ಇಷ್ಟಿಷ್ಟೇ ಜರುಗಿಸಿ ಹದಕ್ಕೆ ತರಬೇಕು. ಅಷ್ಟರಲ್ಲಿ ಮಕ್ಕಳು ಹೊರಗೆ ಐಸ್‌ಕ್ರೀಮ್ ಹುಡುಕುತ್ತಿರುತ್ತಾರೆ.

ಹೊರಟಿತು ಅಂತಿಟ್ಟುಕೊಳ್ಳಿ. ರೈಲಿನ ಛುಕುಭುಕು ನಿರೀಕ್ಷಿಸಿ ಬಂದವರಿಗೆ ಘೋರ ನಿರಾಶೆ. ಪಿಸ್ಟನ್ನಿನ ಬಲವನ್ನು ಚಕ್ರಕ್ಕೆ ದಾಟಿಸುವ 47 ಟನ್ನಿನ ತೊಲೆ ನಿಟ್ಟುಸಿರಿಡುತ್ತ ಏಳುತ್ತದೆ, ಇಳಿಯುತ್ತದೆ. ಪೂರ್ತಿ ವೇಗ ನಿಮಿಷಕ್ಕೆ 11 ಸುತ್ತು. ವಿಡಿಯೋಗೆ ಸ್ಲೋ ಮೋಷನ್ ಬೇಕಿಲ್ಲ. ಬೇರಿಂಗುಗಳಿಗೆ ಧಾರಾಳ ಎಣ್ಣೆ ಹೊಯ್ದಿರುವುದರಿಂದ ಬಿಳಿ ಅಂಗಿ ಮಾತ್ರ ಬೇಡ.

ಸದ್ಯ ಹೀಗೆ ಓಡುವುದು ಪ್ರಿನ್ಸ್ ಕಾನ್ಸಾರ್ಟ್. ಯಂತ್ರಗಳನ್ನು ಕೈಬಿಟ್ಟಾಗ ಕೊಳಚೆಯಿಂದೇಳುವ, ಬೆಂಕಿ ಹತ್ತುವ ಮೀಥೇನ್ ಅನಿಲ ತುಂಬದಿರಲೆಂದು ಪಂಪುಗಳ ಸುತ್ತ ಸುಮಾರು 100 ಟನ್ ಮರಳು ಸುರಿದಿದ್ದರು. ಸ್ವಯಂಸೇವಕರು ಅದನ್ನೆಲ್ಲ ಬಗೆದು, ತುಕ್ಕು ಕೆರೆದು, 2003ರಲ್ಲಿ ಇದನ್ನು ಮತ್ತೆ ಓಡಿಸಿದರು. ಸಂಬಳವಿಲ್ಲದ ಕೆಲಸಕ್ಕೆ ಇಷ್ಟು ಶ್ರದ್ಧೆ ಎಲ್ಲಿಂದ ಬರುತ್ತದೋ!

ಪಕ್ಕದಲ್ಲೇ ಇಂದಿನ ಕೊಳಚೆ ಶುದ್ಧೀಕರಣ ಘಟಕವಿದೆ. ಗಾಳಿ ಈ ಕಡೆ ತಿರುಗಿದಾಗ ಗೈಡ್‌ನ ವಿವರಣೆ ಅರ್ಧ ಉಳಿಯುತ್ತದೆ. ಇನ್ನು, ಸಾಲಾಗಿ ಜೋಡಿಸಿಟ್ಟ ಹಳೇ ಕಮೋಡುಗಳು ನೋಡಲಿಕ್ಕಷ್ಟೇ. ಅವಸರವಿದ್ದವರು ಬೋರ್ಡು ಓದುವುದು ಕ್ಷೇಮ.